ಮೂರು ಎಕರೆಗೆ ಎಷ್ಟು ಎಚ್‌ಪಿ?

ವಂದನಾಳ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ ಎನ್ನುವುದು ಮನೆಯವರಿಗೆ ಗೊತ್ತಾದದ್ದು ಸಾಸಿವೆ ಡಬ್ಬಿಯಿಂದ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು, ಮೇಲಿನ ಗೂಡಿನ ಡಬ್ಬಿಯನ್ನು ಎಡಗೈಯಲ್ಲಿ ತೆಗೆಯಲು ಹೋಗಿ ಬೀಳಿಸಿಬಿಟ್ಟಳು. ಅಡುಗೆಮನೆಯ ನೆಲದ ತುಂಬ ಸಾಸಿವೆ ಹರಡಿತು. ಎಣ್ಣೆ ಹೊಗೆಯಾಡಿತು.

"ಬಲಗೈಗೆ ಏನಾಯ್ತೇ?" ಎಂದು ಅತ್ತೆ ಚಾಮುಂಡಮ್ಮ ಕೂತಲ್ಲಿಂದಲೇ ಕೇಳಿದರು.

"ಏನಿಲ್ಲ ಅತ್ತೆ. ಸ್ವಲ್ಪ ಹಿಡ್ಕೊಂಡಿದೆ."

"ಎಷ್ಟು ದಿನದಿಂದ?"

"ಆಗಸ್ಟಿಂದ."

ಆಗ ಅಕ್ಟೋಬರ್ ಎರಡನೇ ವಾರ. ಎರಡು ತಿಂಗಳಿಂದ ಆ ಕೈಯಲ್ಲೇ ಈ ಮನೆಗೆ ಚಪಾತಿ ಲಟ್ಟಿಸಿದ್ದಳು. ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿರಬಹುದು. ಹೇಳಿಕೊಳ್ಳುವ ಜಾತಿಯಲ್ಲ ಅವಳು. ಬಗ್ಗಿ ಸಾಸಿವೆ ಬಳಿದಳು.

ಭುಜ ಕೆಟ್ಟದ್ದು ಹುಲ್ಲು ಹೊಡೆಯುವ ಯಂತ್ರದಿಂದ. ವಂದನಾ ಹದಿನಾಲ್ಕು ವರ್ಷ ಗಣಿತ ಹೇಳಿಕೊಟ್ಟ ಖಾಸಗಿ ಶಾಲೆ ಮುಚ್ಚಿಹೋದ ಮೇಲೆ, ಮಲೇಷಿಯಾದ ನಿಲಾಯ್ ಎಂಬ ಊರಿನಾಚೆ ರಾಮದಾಸ ಎನ್ನುವವರ ಮೂರು ಎಕರೆ ಜಮೀನನ್ನು ಗುತ್ತಿಗೆಗೆ ಹಿಡಿದು ಬಾಳೆ ಹಾಕಿದ್ದಳು. ಹಣ್ಣಿಗಲ್ಲ, ಎಲೆಗೆ. ಅವರ ಮನೆಯಿರುವ ಪುಚೊಂಗ್‌ನಲ್ಲಿ ಬಾಳೆ ಎಲೆ ಊಟದ ಹೋಟೆಲುಗಳಿಗೆ ಬರವಿಲ್ಲ. ಅಂಥ ಎರಡು ಹೋಟೆಲಿಗೆ ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಹತ್ತರೊಳಗೆ ಎಲೆಯ ಕಟ್ಟು ತಲುಪಬೇಕು. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಆದರೆ ಮಲೇಷಿಯಾದ ಮಳೆಗೆ ಬಾಳೆಗಿಂತ ಹುಲ್ಲೇ ಬೇಗ ಬೆಳೆಯುತ್ತದೆ. ಪೆಟ್ರೋಲ್ ಎಂಜಿನ್ನನ್ನು ಹೆಗಲಿಗೆ ನೇತುಹಾಕಿಕೊಂಡು, ಉದ್ದ ಕೋಲಿನ ತುದಿಯ ಬ್ಲೇಡಿನಲ್ಲಿ ಮೂರೆಕರೆ ಸವರುವುದಕ್ಕೆ ಅವಳಿಗೆ ಐದು ದಿನ ಹಿಡಿಯುತ್ತಿತ್ತು. ಆರನೆಯ ದಿನ ಮೊದಲ ಸಾಲು ಮತ್ತೆ ಮೊಣಕಾಲಿಗೆ ಬಂದಿರುತ್ತಿತ್ತು.

ಡಾಕ್ಟರು ಭುಜ ತಿರುಗಿಸಿ ನೋಡಿ, ಸ್ನಾಯು ಸವೆದಿದೆ, ಆ ಯಂತ್ರವನ್ನು ಮೂರು ತಿಂಗಳು ಮುಟ್ಟಕೂಡದು, ಹಟ ಮಾಡಿದರೆ ಹರಿದೇಹೋಗುತ್ತದೆ ಎಂದರು. ಹುಲ್ಲು ಮೂರು ತಿಂಗಳು ಕಾಯುವುದಿಲ್ಲ. ಹುಲ್ಲಿಗೆ ಬಿಟ್ಟರೆ ತೋಟ ಹೋಯಿತು, ತೋಟಕ್ಕೆ ದುಡಿದರೆ ಕೈ ಹೋಯಿತು. ಕ್ಲಿನಿಕ್ಕಿನಿಂದ ಬರುವಾಗ ಕಾರಿನಲ್ಲಿ ವಂದನಾಳಿಗೆ ನಿಜವಾಗಿ ಭಯವಾಗಿತ್ತು. ಶಾಲೆ ಹೋದಮೇಲೆ ಇದೊಂದೇ ಅವಳದು ಎನ್ನುವಂಥದ್ದು ಉಳಿದಿದ್ದದ್ದು.

ಅವಳ ಗಂಡ ಅನಂತಕೃಷ್ಣ ಸೈಬರ್‌ಜಯಾದ ಒಂದು ಡೇಟಾ ಸೆಂಟರಿನಲ್ಲಿ ಮ್ಯಾನೇಜರು. ಸೊಳ್ಳೆ ಬತ್ತಿ ತರುವುದಕ್ಕೂ ಸಭೆ ಕರೆಯುವ ಆಸಾಮಿ. ಆ ರಾತ್ರಿಯ ಊಟದಲ್ಲಿ ಅನ್ನ ಸಾರು ಬಡಿಸಿಕೊಳ್ಳುತ್ತಲೇ ಶುರುಮಾಡಿದ.

"ಟ್ರಾಕ್ಟರ್ ತಗೊಳ್ಳೋಣ. ಹಿಂದೆ ಹುಲ್ಲು ಕೊಯ್ಯೋ ಅಟ್ಯಾಚ್‌ಮೆಂಟ್ ಇರೋದು."

"ಫೈನಲಿ!" ಎಂದ ಮಗ ಮನೀಷ್. ಇಪ್ಪತ್ತಾರರ ಹುಡುಗ, ಅವನೂ ಸೈಬರ್‌ಜಯಾದಲ್ಲೇ ಸಾಫ್ಟ್‌ವೇರು. "ಮೂರು ಎಕರೆಗೆ ಎಷ್ಟು ಎಚ್‌ಪಿ ಬೇಕು? ನಾನು ಶೀಟ್ ಮಾಡ್ತೀನಿ ಅಪ್ಪ. ಎಚ್‌ಪಿ, ಲಿಫ್ಟ್ ಕೆಪಾಸಿಟಿ, ಫ್ಯುಯೆಲ್, ರೀಸೇಲ್..."

"ಬರೀ ಮೂರು ಎಕರೆ ಅಂತ ಯಾಕೆ ನೋಡ್ತೀಯ? ರಾಮದಾಸ್ ಪಕ್ಕದ ಐದು ಎಕರೆನೂ ಖಾಲಿ ಇದೆ ಅಂತಿದ್ರು. ನಾಳೆ ಅದನ್ನೂ ಹಿಡಿದ್ರೆ?"

"ಸ್ಕೇಲೆಬಲ್ ಇರ್ಬೇಕು," ಎಂದು ಮನೀಷ್ ಒಪ್ಪಿದ.

"ಐದು ಎಕರೆ ಯಾರು ಮಾಡ್ತಾರೆ?" ಎಂದಳು ವಂದನಾ.

"ಅದು ಆಮೇಲಿನ ಮಾತು."

ಚಾಮುಂಡಮ್ಮ ಮಜ್ಜಿಗೆ ಕಲಸುತ್ತ ತೀರ್ಪು ಕೊಟ್ಟರು. "ಯಾವುದಕ್ಕೂ ಒಂದು ಸೈಜು ದೊಡ್ಡದೇ ತಗೋಪ್ಪ. ಚಿಕ್ಕದಾದ್ರೆ ಹಿಗ್ಗಿಸೋಕಾಗುತ್ಯೆ?"

ಇದು ಆ ಮನೆಯ ಕುಲಧರ್ಮ. ಮೈಸೂರಿನಲ್ಲಿ ಅನಂತಕೃಷ್ಣನಿಗೆ ಶಾಲೆಯ ಶೂ ಕೊಡಿಸುವಾಗ ಚಾಮುಂಡಮ್ಮ ಒಂದು ನಂಬರು ದೊಡ್ಡದು ಕೊಡಿಸಿ, ಮುಂದೆ ಹತ್ತಿ ತುರುಕುತ್ತಿದ್ದರು. ಬೆಳೆಯೋ ಮಗು ಎಂಬ ಕಾರಣಕ್ಕೆ. ಮಗು ಬೆಳೆದು ಐವತ್ತೆಂಟಾಗಿದೆ, ಅಭ್ಯಾಸ ಬಿಟ್ಟಿಲ್ಲ. ಐದು ಜನರ ಮನೆಗೆ ಹದಿನೈದು ಜನರ ರೈಸ್ ಕುಕ್ಕರು. ಪುಚೊಂಗ್‌ನ ಈ ಟೆರೇಸ್ ಮನೆಗೆ ಎಂಟು ಕುರ್ಚಿಯ ಊಟದ ಮೇಜು. ಅದು ಬಂದಾಗಿನಿಂದ ಅಡುಗೆಮನೆಗೆ ಎಲ್ಲರೂ ಅಡ್ಡಡ್ಡ ನಡೆದು ಹೋಗುತ್ತಾರೆ. ಕೈಯಲ್ಲಿ ಬಿಸಿ ಪಾತ್ರೆ ಹಿಡಿದು ದಿನಕ್ಕೆ ಇಪ್ಪತ್ತು ಸಲ ಅಡ್ಡಡ್ಡ ನಡೆಯುವವಳು ಮಾತ್ರ ಒಬ್ಬಳೇ.

ಮುಂದಿನ ಶನಿವಾರ ಅಂಗಡಿಗೆ ಹೋದರು. ಜೊತೆಗೆ ರಾಮದಾಸರೂ ಬಂದರು. ಎಸ್ಟೇಟಿನಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿ ನಿವೃತ್ತರಾದ ಮಲೇಷಿಯಾದ ತಮಿಳರು. ವಂದನಾಳ ಜೊತೆ ಎರಡು ವರ್ಷ ಮಾತಾಡಿ ಅವರ ತಮಿಳಿನಲ್ಲಿ ಅರ್ಧ ಕನ್ನಡ ಸೇರಿಕೊಂಡಿತ್ತು.

ಅಂಗಡಿಯ ಮುಂದೆ ಸಾಲಾಗಿ ಟ್ರಾಕ್ಟರುಗಳು ನಿಂತಿದ್ದವು. ಒಂದು ಕಡೆ ಜಪಾನಿನಿಂದ ತರಿಸಿ ರಿಪೇರಿ ಮಾಡಿದ ಚಿಕ್ಕವು, ಇನ್ನೊಂದು ಕಡೆ ಹೊಸ ದೊಡ್ಡವು.

"ಸಾರ್, ಎಕರೆ ಎಣಿಸಬೇಡ," ಎಂದರು ರಾಮದಾಸ. "ಎಕರೆಗೆ ಟ್ರಾಕ್ಟರ್ ಗೊತ್ತಿಲ್ಲ. ಎರಡು ಸಾಲು ನಡುವಿಲೆ ಎಷ್ಟು ಜಾಗ? ಕಡೇಲಿ ತಿರುಗಿಸೋಕೆ ಎಷ್ಟು ಜಾಗ? ಅಷ್ಟೇ ನೋಡು. ಚಿನ್ನ ವಂಡಿ ಪೋದುಂ ಲಾ. ಸಣ್ಣದು ಸಾಕು."

"ಅಳೆದಿದ್ದೀನಿ," ಎಂದ ಅನಂತಕೃಷ್ಣ. ಅಳೆದಿದ್ದ ಎನ್ನುವುದು ಸುಳ್ಳಲ್ಲ. ಟೇಪು ಹಿಡಿದು ಬಾಳೆಯ ಬುಡದಿಂದ ಬುಡಕ್ಕೆ ಹತ್ತು ಅಡಿ ಎಂದು ಬರೆದುಕೊಂಡಿದ್ದ. "ಗಾಡಿ ಅಗಲ ಐದೂವರೆ. ಇನ್ನೂ ನಾಲ್ಕೂವರೆ ಅಡಿ ಮಿಕ್ಕುತ್ತೆ."

ಹದಿನೇಳು ಎಚ್‌ಪಿಯ ಜಪಾನಿ ಟ್ರಾಕ್ಟರನ್ನು ಕಂಡು ಅವನಿಗೆ ನಗು ಬಂತು. "ಇದೇನು ಟ್ರಾಕ್ಟರೋ, ದಸರಾ ಗೊಂಬೆಯೋ?"

ಮನೀಷ್ ಫೋನಿನಲ್ಲಿ ಶೀಟು ತೆರೆದು ಅಂಕ ಕೂಡಿಸಿದ. ನಲವತ್ತೈದು ಎಚ್‌ಪಿಯದಕ್ಕೆ ನೂರಕ್ಕೆ ಎಂಬತ್ತೊಂಬತ್ತು ಬಂತು. ಬಿಸಿಲು ಜೋರಾಯಿತು. "ವಂದನಾ, ಪಕ್ಕದ ಮಮಕ್ ಹೋಟೆಲಿಂದ ಐದು ತೇ ತಾರಿಕ್ ತಪಾವ್ ಕಟ್ಟಿಸ್ಕೊಂಡು ಬರ್ತೀಯಾ?" ಎಂದ ಅನಂತಕೃಷ್ಣ. ಬಿಸಿ ಟೀ ತುಂಬಿ ಕಟ್ಟಿದ ಪ್ಲಾಸ್ಟಿಕ್ ಪೊಟ್ಟಣಗಳನ್ನು ಎಡಗೈಯಲ್ಲಿ ತೂಗುಹಾಕಿಕೊಂಡು ಅವಳು ವಾಪಸು ಬರುವಷ್ಟರಲ್ಲಿ ಅಡ್ವಾನ್ಸ್ ಕೊಟ್ಟಾಗಿತ್ತು.

"ನಲವತ್ತೈದು!" ಎಂದು ಮನೀಷ್ ಕೈಯೆತ್ತಿದ. "ಮೇಲೆ ಕ್ಯಾನೊಪಿನೂ ಹಾಕಿಸಿದ್ವಿ. ಯುವರ್ ಸ್ಪೆಷಲ್ ಸನ್‌ರೂಫ್, ಅಮ್ಮ. ಬಿಸಿಲು ತಾಗಲ್ಲ."

ಮಗನ ಮುಖದ ಖುಷಿ ಕಂಡು ವಂದನಾ, "ಒಳ್ಳೇದಾಯ್ತು," ಎಂದಳು. ರಾಮದಾಸರು ಟೀಗೆ ಸಕ್ಕರೆ ಹೆಚ್ಚಾಯಿತು ಎಂದರು.

ನವೆಂಬರ್ ಮೊದಲ ಶನಿವಾರ ಲಾರಿಯ ಮೇಲೆ ಟ್ರಾಕ್ಟರು ಬಂತು. ಕಿತ್ತಳೆ ಬಣ್ಣ, ಅವಳ ಎದೆಯ ಎತ್ತರದ ಹಿಂದಿನ ಚಕ್ರ. ಚಾಮುಂಡಮ್ಮ ಕಾರಿನಿಂದಿಳಿದು ಅರಿಸಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಮನೀಷ್ ಹತ್ತಿ ಕೂತು ಹೊರಟ. ಎರಡು ಗಂಟೆಯಲ್ಲಿ ಒಂದೂಕಾಲು ಎಕರೆ ಹುಲ್ಲು ಮಲಗಿತು. ಎರಡು ದಿನದ ಕೆಲಸ ಅದು. ವಂದನಾಳಿಗೆ ಕಣ್ಣು ತುಂಬಿ ಬಂತು. ಗಂಡನ ಮೇಲೆ ಪ್ರೀತಿ ಬಂದು, ಚಿತ್ರಾನ್ನದ ಡಬ್ಬಿಯಿಂದ ಕಡಲೆಬೀಜವೆಲ್ಲ ಆರಿಸಿ ಅವನ ತಟ್ಟೆಗೇ ಹಾಕಿದಳು.

ಸೋಮವಾರ ಅವಳೊಬ್ಬಳೇ ತೋಟಕ್ಕೆ ಹೋದಳು. ಎಲೆ ಕೊಯ್ದು ಹೋಟೆಲಿಗೆ ಕೊಟ್ಟು ಮತ್ತೆ ಬಂದು, ಕೀಲಿ ಹಿಡಿದು ಟ್ರಾಕ್ಟರ್ ಹತ್ತಿದಳು. ಎಡಗೈಯಲ್ಲಿ ಹಿಡಿ ಹಿಡಿದು ಹತ್ತುವುದಕ್ಕೇ ಮೂರು ಪ್ರಯತ್ನ ಬೇಕಾಯಿತು. ಸೀಟನ್ನು ಮುಂದಕ್ಕೆ ಎಳೆಯುವಷ್ಟು ಎಳೆದಳು. ಎಂಜಿನ್ ಹಿಡಿಯಿತು. ಗೇರ್ ಹಾಕಲು ಕ್ಲಚ್ ಒತ್ತಬೇಕು, ಕಾಲು ಮುಟ್ಟಲಿಲ್ಲ. ವಂದನಾಳ ಎತ್ತರ ನಾಲ್ಕು ಅಡಿ ಹತ್ತು ಅಂಗುಲ. ಸೀಟಿನ ಅಂಚಿಗೆ ಜಾರಿ ಕೂತು ಕಾಲು ಚಾಚಿದಳು. ಕ್ಲಚ್ ಕಾಲಿಗೆ ಸಿಕ್ಕಿತು, ಎಂಜಿನ್ ನಿಂತುಹೋಯಿತು.

ಐದು ಸಲ ಹೀಗೇ ಆಯಿತು. ಮಗನಿಗೆ ಫೋನು ಮಾಡಿದಳು.

"ಅಮ್ಮ, ಮೀಟಿಂಗಲ್ಲಿದ್ದೀನಿ. ಏನು?"

"ಮುಂದೆ ಜರುಗಿದ್ರೆ ನಿಂತ್ಹೋಗುತ್ತೆ ಕಣೋ."

"ಓ, ಅದು ಸೀಟ್ ಸ್ವಿಚ್. ಸೀಟಿನ ಕೆಳಗೆ ಇರುತ್ತೆ. ಓಡಿಸೋರು ಎದ್ರೆ ಎಂಜಿನ್ ಆಫ್ ಆಗ್ಬೇಕು, ಸೇಫ್ಟಿಗೆ. ನೀನು ಪೂರ್ತಿ ಹಿಂದೆ ಕೂತ್ಕೋ."

"ಹಿಂದೆ ಕೂತ್ರೆ ಕಾಲು ಸಿಗಲ್ಲ."

"ಬೆನ್ನಿಗೆ ದಿಂಬು ಕೊಡು."

ಮಂಗಳವಾರ ದಿಂಬು ತಂದಳು. ದಿಂಬು ಅವಳನ್ನು ಮತ್ತೆ ಅದೇ ಅಂಚಿಗೆ ತಳ್ಳಿತು, ಎಂಜಿನ್ ನಿಂತಿತು. ಬುಧವಾರ ಚಾಮುಂಡಮ್ಮನ ಸಲಹೆಯಂತೆ ಐದು ಕೆಜಿ ಅಕ್ಕಿಯ ಚೀಲವನ್ನು ಸೀಟಿನ ಮೇಲೆ ಹಿಂದಕ್ಕೆ ಇಟ್ಟು, ಅದರ ಮುಂದೆ ಕೂತಳು. ಇದನ್ನು ದೂರದಿಂದ ಕಂಡು ರಾಮದಾಸರು ಓಡಿಬಂದರು. ಇಷ್ಟು ವರ್ಷದಲ್ಲಿ ಅವರು ಅವಳ ಮೇಲೆ ದನಿಯೆತ್ತಿದ್ದು ಅದೇ ಮೊದಲು.

"ಟೀಚರ್, ಇಳಿಯಮ್ಮಾ! ಎಸ್ಟೇಟಲ್ಲಿ ಆ ಸ್ವಿಚ್ಚಿಗೆ ಮೋಸ ಮಾಡಿ ಓಡಿಸಿದೋನ ಕಾಲು ನಾನ್ ನೋಡಿದ್ದೀನಿ. ಹಿಂದೆ ತಿರುಗ್ತಾ ಇರೋದು ಬ್ಲೇಡು, ಗೊತ್ತಾ?"

ಅಕ್ಕಿ ಚೀಲ ಮನೆಗೆ ವಾಪಸಾಯಿತು. ಅದೇ ಅಕ್ಕಿಯಲ್ಲಿ ಗುರುವಾರ ಬಿಸಿಬೇಳೆ ಬಾತಾಯಿತು.

"ವಾರಾಂತ್ಯಕ್ಕೆ ಮನೀಷ್ ಬರ್ತಾನಲ್ಲ, ಅಷ್ಟು ಸಾಕು," ಎಂದ ಅನಂತಕೃಷ್ಣ ಬಾತು ತಿನ್ನುತ್ತ. "ವಾರಕ್ಕೊಂದು ಸಲ ಹೊಡೆದ್ರೆ ಹುಲ್ಲು ಎಲ್ಲಿಗೆ ಹೋಗುತ್ತೆ?"

ಮೊದಲ ವಾರಾಂತ್ಯ ಮನೀಷ್ ಬಂದ. ಎರಡನೆಯ ವಾರಾಂತ್ಯ ಮಳೆ. ಟ್ರಾಕ್ಟರ್ ತನ್ನ ಭಾರಕ್ಕೇ ಕೆಸರಿನಲ್ಲಿ ಹೂತು, ರಾಮದಾಸರ ಭಾವಮೈದುನನ ಲಾರಿ ಬಂದು ಎಳೆಯಬೇಕಾಯಿತು. ಮೂರನೆಯ ವಾರಾಂತ್ಯ ಅವನ ಆಫೀಸಿನಲ್ಲಿ ಏನೋ ಸಾಫ್ಟ್‌ವೇರು ಬಿಡುಗಡೆ. ನಾಲ್ಕನೆಯ ವಾರ ಗೆಳೆಯನ ಮದುವೆ, ಪೆನಾಂಗಿನಲ್ಲಿ. ಹುಡುಗ ಕೆಟ್ಟವನಲ್ಲ. ಪ್ರತಿ ಸಲವೂ ನಿಜವಾಗಿಯೇ ಬೇಜಾರು ಮಾಡಿಕೊಂಡು, "ಸಾರಿ ಅಮ್ಮ, ನೆಕ್ಸ್ಟ್ ವೀಕ್ ಪಕ್ಕಾ," ಎನ್ನುತ್ತಿದ್ದ. ಅವನ ಬೇಜಾರಿಗೆ ಹುಲ್ಲು ಒಣಗುವುದಿಲ್ಲ.

ಅವನು ಓಡಿಸಿದ ದಿನದ ಕಥೆ ಇನ್ನೊಂದು. ಬಾಳೆಯ ಬುಡದಲ್ಲಿ ಹತ್ತು ಅಡಿ ಜಾಗವಿದ್ದದ್ದು ಹೌದು. ಆದರೆ ಎಲೆ ಬುಡದಲ್ಲಿ ಬಿಡುವುದಿಲ್ಲ. ಮೇಲೆ ಎರಡೂ ಕಡೆಯಿಂದ ಚಾಚಿಕೊಂಡು, ನಡುವೆ ಒಬ್ಬ ಮನುಷ್ಯ ತಲೆ ತಗ್ಗಿಸಿ ನಡೆಯುವಷ್ಟು ಸಂದಿ ಮಾತ್ರ ಬಿಟ್ಟಿದ್ದವು. ಆ ಎತ್ತರಕ್ಕೆ ಟೇಪು ಹಿಡಿಯಬೇಕೆಂದು ಇಬ್ಬರು ಎಂಜಿನಿಯರುಗಳಿಗೂ ತೋಚಿರಲಿಲ್ಲ. ಬಿಸಿಲು ತಾಗಬಾರದೆಂದು ವಂದನಾಳಿಗಾಗಿ ಹಾಕಿಸಿದ ಆ ಕ್ಯಾನೊಪಿ ಹೋದ ದಾರಿಯುದ್ದಕ್ಕೂ ಎಲೆ ಸೀಳುತ್ತ ಹೋಯಿತು.

ಹೋಟೆಲಿನ ಪ್ರಶಾಂತ ಕಟ್ಟು ಬಿಚ್ಚಿ ಎಲೆ ಹಿಡಿದು ತೋರಿಸಿದ. "ಅಕ್ಕಾ, ಎಲ್ಲಾಂ ಕಿಳಿಂಜು ಪೋಚು. ಎಲ್ಲಾ ಹರಿದಿದೆ. ರಸಂ ಹಾಕಿದ್ರೆ ಟೇಬಲ್ಲಿಗೇ ಬರುತ್ತೆ."

"ಈ ವಾರ ಒಂದು ಅಡ್ಜಸ್ಟ್ ಮಾಡ್ಕೊಳ್ಳಿ."

"ನಾನ್ ಮಾಡ್ಕೋತೀನಿ ಅಕ್ಕಾ. ಬಾಸ್ ಕೇಳ್ತಾರಾ?"

ಹಿಂದಿರುಗಿ ಬಂದು ವಂದನಾ ಶೆಡ್ಡಿನ ಬೀಗ ತೆಗೆದಳು. ಹುಲ್ಲು ಹೊಡೆಯುವ ಹಳೆಯ ಯಂತ್ರವನ್ನು ಈ ಸಲ ಎಡ ಹೆಗಲಿಗೆ ಹಾಕಿಕೊಂಡಳು. ಎಡ ಹೆಗಲಿಗೆ ಹಾಕಿದರೂ ಕೋಲನ್ನು ಅತ್ತಿತ್ತ ಬೀಸಲು ಬಲಗೈಯೇ ಬೇಕು. ಮೊದಲ ದಿನ ಅರ್ಧ ಸಾಲು ಹೊಡೆದು, ಪ್ಯಾರಸಿಟಮಾಲ್ ನುಂಗಿದಳು. ಮಾರನೆಯ ದಿನ ಒಂದು ಸಾಲು. ಏಳೆಂಟು ಅಡಿ ದೂರದಲ್ಲಿ ನಲವತ್ತೈದು ಕುದುರೆಗಳ ಟ್ರಾಕ್ಟರು ಟಾರ್ಪಾಲು ಹೊದ್ದು ಮಲಗಿತ್ತು. ಮೂಗಿಗಿಂತ ಮೂಗುತಿ ಭಾರ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು.

ಹತ್ತು ದಿನ ಇದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತು ಮಾಡಿದವಳು ಮಗಳು ಶರಣ್ಯಾ. ನಿಲಾಯ್‌ನ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಳು. ಒಂದು ಮಧ್ಯಾಹ್ನ ಕ್ಲಾಸು ರದ್ದಾಗಿ, ಅಮ್ಮನಿಗೂ ತನಗೂ ತೆಂಗಿನಹಾಲಿನ ಅನ್ನದ ನಾಸಿ ಲೆಮಾಕ್ ಕಟ್ಟಿಸಿಕೊಂಡು ತೋಟಕ್ಕೆ ಬಂದಳು. ಎಂಜಿನ್ನಿನ ಸದ್ದಿಗೆ ಮಗಳು ಕರೆದದ್ದು ವಂದನಾಳಿಗೆ ಕೇಳಿಸಲಿಲ್ಲ. ನಾಲ್ಕು ಹೆಜ್ಜೆ ಸವರುವುದು, ನಿಲ್ಲುವುದು, ಬಲಗೈಯನ್ನು ಎಡಗೈಯಲ್ಲಿ ಹಿಡಿದು ಹಲ್ಲು ಕಚ್ಚುವುದು, ಮತ್ತೆ ನಾಲ್ಕು ಹೆಜ್ಜೆ. ಶರಣ್ಯಾ ಪೊಟ್ಟಣ ಹಿಡಿದು ನಿಂತು ನೋಡಿದಳು.

"ಅಮ್ಮಾ! ವಾಟ್ ಆರ್ ಯೂ ಡೂಯಿಂಗ್?"

ವಂದನಾ ಬೆಚ್ಚಿ ಎಂಜಿನ್ ಆರಿಸಿದಳು. "ನೀನ್ಯಾಕೆ ಈಗ ಬಂದೆ? ಊಟ ಆಯ್ತಾ?"

"ಡಾಕ್ಟರ್ ಸೆಡ್ ನೋ, ರೈಟ್? ದೆನ್ ವೈ?"

"ಇನ್ನೇನು ಮಾಡ್ಲಿ? ಅದನ್ನ ನೋಡ್ಕೊಂಡು ಕೂರ್ಲಾ?" ಎಂದು ಟಾರ್ಪಾಲಿನ ಕಡೆ ಗದ್ದ ತೋರಿಸಿದಳು. "ಮನೇಲಿ ಹೇಳ್ಬೇಡ."

ಶರಣ್ಯಾ ಆ ಸಂಜೆಯೇ ಹೇಳಿದಳು. ಚಪಾತಿ, ಬದನೆಕಾಯಿ ಎಣ್ಣೆಗಾಯಿ. ಅಡ್ಡಡ್ಡ ನಡೆದು ವಂದನಾ ಎಣ್ಣೆಗಾಯಿಯ ಪಾತ್ರೆ ತಂದಿಡುತ್ತಿದ್ದಳು.

"ಅಪ್ಪಾ, ಅಮ್ಮ ಈಸ್ ಸ್ಟಿಲ್ ಯೂಸಿಂಗ್ ದ ಗ್ರಾಸ್ ಕಟರ್. ಎವ್ರಿ ಡೇ."

ಅನಂತಕೃಷ್ಣ ತಲೆಯೆತ್ತಿದ. "ಏನು? ಇಷ್ಟು ದುಡ್ಡು ಸುರಿದು ಟ್ರಾಕ್ಟರ್ ತಂದು ನಿಲ್ಸಿದ್ದೀನಿ, ಮತ್ತೆ ಅದನ್ನೇ ಹೊತ್ಕೊಂಡು ಓಡಾಡ್ತಿದ್ದೀಯಾ?"

"ನಿಲ್ಸಿದ್ದೀರಿ. ಅದೇ, ನಿಂತಿದೆ," ಎಂದಳು ವಂದನಾ.

"ಮನೀಷ್..."

"ಅಪ್ಪ, ಐ ಟೋಲ್ಡ್ ಯೂ, ಈ ತಿಂಗಳು ಕೆಲ್ಸ ಜಾಸ್ತಿ."

"ಎಲೆನೂ ಹರೀತಿದೆ," ಎಂದಳು ವಂದನಾ. "ಹೋಟೆಲಿನವರು ಎರಡು ಸಲ ವಾಪಸ್ ಕೊಟ್ರು."

ಅನಂತಕೃಷ್ಣ ಚಪಾತಿ ಮುರಿಯುತ್ತ ಯೋಚಿಸಿದ. ಅವನ ಮುಖದಲ್ಲಿ ಒಂದು ಬೆಳಕು ಬಂತು. "ಅದಕ್ಕೂ ದಾರಿ ಇದೆ. ಒಂದು ಸಾಲು ಬಿಟ್ಟು ಒಂದು ಸಾಲು ಬಾಳೆ ತೆಗೆಸಿಬಿಡೋಣ. ಇಪ್ಪತ್ತು ಅಡಿ ಜಾಗ ಆಗುತ್ತೆ. ಟ್ರಾಕ್ಟರ್ ಆರಾಮಾಗಿ ಹೋಗುತ್ತೆ."

ಮನೀಷ್ ಕೂಡ ಅಪ್ಪನ ಮುಖ ನೋಡಿದ.

ವಂದನಾ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಹಾಕಿದಳು. ಎಣ್ಣೆ ಮೇಜಿನ ಮೇಲೆ ಸಿಡಿಯಿತು. "ಅರ್ಧ ತೋಟ ಕಡಿದು ಟ್ರಾಕ್ಟರಿಗೆ ರಸ್ತೆ ಮಾಡ್ತೀರಾ? ಅಲ್ರೀ, ಅದು ಬಂದಿದ್ದು ತೋಟಕ್ಕೋ, ತೋಟ ಇರೋದು ಅದಕ್ಕೋ?"

"ಕೂಗ್ಬೇಡ. ನಿನ್ನ ಭುಜಕ್ಕೋಸ್ಕರ ತಾನೇ ತಂದಿದ್ದು?"

"ನನ್ನ ಭುಜಕ್ಕೆ ತಂದ್ರಿ. ನನ್ನ ಕಾಲು ಎಷ್ಟುದ್ದ ಇದೆ ಅಂತ ನೋಡಿದ್ರಾ? ಎಕರೆ ಅಳೆದ್ರಿ, ಸಾಲು ಅಳೆದ್ರಿ, ಗಾಡಿ ಅಳೆದ್ರಿ. ಮಾರ್ಕ್ಸ್ ಕೊಟ್ರಿ. ಓಡ್ಸೋರು ಯಾರು ಅಂತ ಆ ಶೀಟಲ್ಲಿ ಎಲ್ಲಿದೆ? ನಾನು ಟೀ ತರೋಕೆ ಹೋಗಿದ್ದೆ!"

ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂದೇಬಿಟ್ಟಿತು. ಸಿಟ್ಟಿಗಿಂತ ಸುಸ್ತು ಹೆಚ್ಚಿದ್ದ ಅಳು ಅದು. ಒಳಗೆ ಹೋಗಲು ನೋಡಿದಳು, ಮೇಜಿಗೂ ಗೋಡೆಗೂ ನಡುವೆ ಶರಣ್ಯಾಳ ಕುರ್ಚಿ ಅಡ್ಡವಿತ್ತು. ಅಲ್ಲೇ ಕೂತಳು.

ಚಾಮುಂಡಮ್ಮ ತಟ್ಟೆ ಪಕ್ಕಕ್ಕೆ ಸರಿಸಿದರು. "ನಾನೇ ಅಂದೆ ದೊಡ್ಡದು ತಗೋ ಅಂತ. ತಪ್ಪು ನಂದೂ ಇದೆ," ಎಂದರು. "ನಾನು ಮದುವೆಯಾಗಿ ಬಂದಾಗ ಆ ಮನೇಲಿ ಮೂವತ್ತು ಜನಕ್ಕೆ ರುಬ್ಬೋ ಒರಳು. ಗುಂಡು ತಬ್ಕೊಂಡ್ರೆ ನನ್ನ ಕೈಗಳು ಕೂಡ್ತಿರ್ಲಿಲ್ಲ. ಎಂಟು ವರ್ಷ ರುಬ್ಬಿದೆ. ಈಗ್ಲೂ ಮಳೆ ಬಂದ್ರೆ ಈ ರಟ್ಟೆ ಎಳೆಯುತ್ತೆ. ಅನಂತೂ, ಅದನ್ನ ವಾಪಸ್ ಕೊಡು."

"ವಾಪಸ್ ಕೊಟ್ರೆ ಎಷ್ಟು ಲಾಸ್ ಆಗುತ್ತೆ ಗೊತ್ತಾಮ್ಮ?"

"ಆಗ್ಲಿ. ಭುಜ ಯಾವ ಅಂಗಡೀಲಿ ಸಿಗುತ್ತೆ?"

ಅನಂತಕೃಷ್ಣ ಕೈ ತೊಳೆದು ಹೊರಗಿನ ಗೇಟಿನ ಹತ್ತಿರ ಹೋಗಿ ನಿಂತ. ಆ ವಾರವೆಲ್ಲ ಮನೆಯಲ್ಲಿ ಉಪ್ಪು, ಚಟ್ನಿ, ಲೈಟು ಆರಿಸು ಎನ್ನುವಷ್ಟೇ ಮಾತು. ಡಾಕ್ಟರು ಮತ್ತೊಮ್ಮೆ ಸ್ಕ್ಯಾನು ಮಾಡಿಸಿ, ಸ್ನಾಯು ಅಂಚಿನಲ್ಲಿ ಸ್ವಲ್ಪ ಹರಿದಿದೆ, ಇನ್ನು ಹಟ ಮಾಡಿದರೆ ಆಪರೇಷನ್ನೇ ಎಂದರು. ಆ ಕಾಗದವನ್ನು ಅನಂತಕೃಷ್ಣ ಎರಡು ಸಲ ಓದಿದ. ಶುಕ್ರವಾರ ಆಫೀಸಿನಿಂದಲೇ ಅಂಗಡಿಗೆ ಫೋನು ಮಾಡಿದ. ಅಂಗಡಿಯವನು ಗೊಣಗಿ, ಬಳಸಿದ ಗಾಡಿಯ ಬೆಲೆಗೆ ವಾಪಸು ಪಡೆಯಲು ಒಪ್ಪಿದ. ಹೋದದ್ದು ಕಡಿಮೆಯೇನಲ್ಲ. ಆ ವರ್ಷದ ಮೈಸೂರಿನ ಟಿಕೆಟ್ಟುಗಳು ಅದರಲ್ಲೇ ಹೋದವು.

ಶನಿವಾರ ಮತ್ತೆ ಅದೇ ಅಂಗಡಿ, ಅದೇ ಬಿಸಿಲು. ಈ ಸಲ ರಾಮದಾಸರ ಜೊತೆ ಶರಣ್ಯಾಳೂ ಬಂದಿದ್ದಳು, ಟೀ ತರಲು ಮನೀಷನೇ ಹೋದ. ಅನಂತಕೃಷ್ಣ ಹದಿನೇಳು ಎಚ್‌ಪಿಯ ಜಪಾನಿ ಟ್ರಾಕ್ಟರಿನ ಮುಂದೆ ನಿಂತು, ಹೆಂಡತಿಯ ಮುಖ ನೋಡದೆ, "ನೀನೇ ಹತ್ತಿ ನೋಡು," ಎಂದ.

ವಂದನಾ ಒಂದೇ ಹೆಜ್ಜೆಗೆ ಹತ್ತಿದಳು. ಬೆನ್ನು ಒರಗಿತು, ಎರಡು ಕಾಲೂ ಪೆಡಲು ಮುಟ್ಟಿದವು. ಸ್ಟಿಯರಿಂಗ್ ಎಡಗೈ ಒಂದರಲ್ಲೇ ತಿರುಗಿತು. ಅಂಗಡಿಯ ಅಂಗಳದಲ್ಲಿ ಒಂದು ಸುತ್ತು ಹೋಗಿ, ಎರಡು ದೊಡ್ಡ ಟ್ರಾಕ್ಟರುಗಳ ನಡುವೆ ನುಸುಳಿ ಬಂದು ನಿಲ್ಲಿಸಿದಳು. ರಾಮದಾಸರು ಚಪ್ಪಾಳೆ ತಟ್ಟಿದರು.

"ಅಳತೆ ಕೊಟ್ಟು ಹೊಲಿಸಿದ ಹಾಗಿದೆ!" ಎಂದ ಅನಂತಕೃಷ್ಣ. ಎಷ್ಟೋ ದಿನದ ಮೇಲೆ ಅವನ ದನಿಯಲ್ಲಿ ಹಗುರವಿತ್ತು.

"ಪರ್ಫೆಕ್ಟ್," ಎಂದ ಮನೀಷ್, ಟೀ ಹಂಚುತ್ತ. "ಸೆಟಲ್ ಲಾ. ಇನ್ಮೇಲೆ ಅಮ್ಮ ಯಾವ ದಿನ ಬೇಕಾದ್ರೂ ತಾನೇ ಓಡಿಸ್ಕೋಬಹುದು. ನನ್ನ ಕಾಯೋದೇ ಬೇಡ."

ವಂದನಾ ನಗುತ್ತಿದ್ದವಳು ಟೀ ಕೈಯಲ್ಲಿ ಹಿಡಿದು ಹಾಗೇ ಕೂತಳು. ಯಾವ ದಿನ ಬೇಕಾದರೂ ಎಂದರೆ ಎಲ್ಲ ದಿನವೂ. ಗಾಡಿ ತನ್ನೊಬ್ಬಳ ಅಳತೆಗೇ ಬಂದರೆ ಕೆಲಸವೂ ತನ್ನೊಬ್ಬಳ ಅಳತೆಗೇ ಬಂದಹಾಗೆ. ಇಷ್ಟು ದಿನ ಕಾಲು ಸಿಗದೆ ತನಗಿದ್ದ ನೆಪ ಇನ್ನು ಮೇಲೆ ಇವರಿಗೆಲ್ಲ ಸಿಗುತ್ತದೆ. ಅವಳಿಗೆ ಮೈಯೆಲ್ಲ ದಣಿವು ಏರಿದಂತಾಯಿತು. ಕೆಳಗಿಳಿದಳು.

"ಈಗ ನೀವು ಕೂತ್ಕೊಳ್ಳಿ," ಎಂದಳು ಗಂಡನಿಗೆ.

"ನಾನ್ಯಾಕೆ? ಓಡ್ಸೋಳು ನೀನು."

"ಸುಮ್ನೆ ಕೂತ್ಕೊಳ್ಳಿ."

ಅನಂತಕೃಷ್ಣ ಆರಡಿ ಆಳು. ಹತ್ತಿ ಕೂತ. ಮೊಣಕಾಲುಗಳು ಸ್ಟಿಯರಿಂಗಿಗೆ ತಗುಲಿ, ಅದನ್ನು ತಿರುಗಿಸಲು ಬರಲಿಲ್ಲ. ಶರಣ್ಯಾ ನಕ್ಕುಬಿಟ್ಟಳು.

"ನೋಡಿದ್ಯಾ? ನನಗಾಗಲ್ಲ," ಎಂದ.

"ಹಾಗಾದ್ರೆ ಇದು ಬೇಡ."

"ಏನು ಬೇಡ? ನಿನಗೆ ಸರಿಯಾಗಿದೆಯಲ್ಲ! ನೀನೇ ತಾನೇ ಕೇಳಿದ್ದು, ಓಡ್ಸೋರು ಯಾರು ಅಂತ?"

"ಈಗ್ಲೂ ಅದನ್ನೇ ಕೇಳ್ತಿದ್ದೀನಿ. ಸೋಮವಾರದಿಂದ ಶುಕ್ರವಾರ ನಾನು. ಶನಿವಾರ ಯಾರು?"

"ಮನೀಷ್..."

"ಮನೀಷ್‌ಗೆ ಅವನ ಕೆಲ್ಸ ಇರುತ್ತೆ, ಗೆಳೆಯರಿರ್ತಾರೆ. ಶನಿವಾರ ನೀವೇನು ಮಾಡ್ತೀರಿ?"

ಶನಿವಾರ ಅನಂತಕೃಷ್ಣ ಪೇಪರು ಓದುತ್ತಾನೆ, ಮಧ್ಯಾಹ್ನ ಮಲಗುತ್ತಾನೆ. ಅದನ್ನು ಇಷ್ಟು ಜನರ ಮುಂದೆ ಹೇಳುವುದು ಕಷ್ಟ. ಅಂಗಡಿಯ ಹುಡುಗಿ ಆಕಡೆ ತಿರುಗಿ ಫೋನು ನೋಡತೊಡಗಿದಳು. ರಾಮದಾಸರು ಟೀ ಲೋಟದೊಳಗೆ ಬಗ್ಗಿ ಏನೋ ಹುಡುಕುತ್ತಿದ್ದರು.

"ನನ್ನ ಕೈಲಿ ಆರು ದಿನ ಆಗಲ್ಲ," ಎಂದಳು ವಂದನಾ. ಈ ಸಲ ಅವಳ ದನಿ ಏರಲಿಲ್ಲ. "ಐದು ಆಗುತ್ತೆ. ಆರನೇದು ನಿಮ್ಮ ಕೈಲಾದ್ರೆ ತೋಟ ಇಟ್ಕೊಳ್ಳೋಣ. ಆಗಲ್ಲ ಅಂದ್ರೆ ಈಗ್ಲೇ ಹೇಳಿ. ರಾಮದಾಸ್ ಇಲ್ಲೇ ಇದ್ದಾರೆ, ಜಮೀನು ವಾಪಸ್ ಕೊಟ್ಟುಬಿಡ್ತೀನಿ."

ಹೆಂಡತಿ ಹೆದರಿಸುತ್ತಿಲ್ಲ ಎನ್ನುವುದು ಅನಂತಕೃಷ್ಣನಿಗೆ ತಿಳಿಯಿತು. ಮೂವತ್ತು ವರ್ಷದಲ್ಲಿ ಅವಳು ಹೀಗೆ ಲೆಕ್ಕ ಒಪ್ಪಿಸಿದ್ದಿಲ್ಲ. ಮೊಣಕಾಲು ಬಿಡಿಸಿಕೊಂಡು ಇಳಿದ. ಸಾಲಿನಲ್ಲಿ ಮುಂದೆ ನಡೆದು ಇನ್ನೊಂದರ ಮುಂದೆ ನಿಂತ. ಇಪ್ಪತ್ತನಾಲ್ಕು ಎಚ್‌ಪಿ, ಸೀಟು ಒಂದು ಗೇಣು ಹಿಂದೆ ಮುಂದೆ ಜರುಗುವಂಥದ್ದು. ಮೇಲೆ ಏನೂ ಇಲ್ಲ, ಬೋಳು.

ಸೀಟು ಮುಂದೆ ಎಳೆದು ವಂದನಾ ಕೂತಳು. ಕಾಲು ಸಿಕ್ಕಿತು. ಮೊದಲಿನಷ್ಟು ಚೊಕ್ಕವಾಗಿಯಲ್ಲ, ಹೆಬ್ಬೆರಳು ಊರಬೇಕು. ಇಳಿದಳು. ಸೀಟು ಹಿಂದೆ ತಳ್ಳಿ ಅನಂತಕೃಷ್ಣ ಕೂತ. ಅವನಿಗೂ ಸ್ವಲ್ಪ ಇಕ್ಕಟ್ಟೇ. ಆದರೆ ಸ್ಟಿಯರಿಂಗ್ ತಿರುಗಿತು.

"ಕಾಲು ಸಿಗುತ್ತಾ?" ಎಂದು ಅವಳು ಕೆಳಗಿನಿಂದ ಕೇಳಿದಳು.

"ಸಿಗುತ್ತೆ."

"ಬ್ರೇಕು?"

"ಅದೂ ಸಿಗುತ್ತೆ. ಮಂಡಿ ಸ್ವಲ್ಪ ಒತ್ತುತ್ತೆ."

"ನನಗೂ ಹೆಬ್ಬೆರಳು ಒತ್ತುತ್ತೆ. ಇದೇ ಇರ್ಲಿ."

ಅಗಲ ಅಳೆಯಲೇ ಎಂದು ಮನೀಷ್ ಟೇಪು ತೆಗೆದ. ಎತ್ತರ ಅಳೆ ಎಂದರು ರಾಮದಾಸ.

"ಶನಿವಾರ ಎಷ್ಟು ಗಂಟೆಗೆ ಹೋಗ್ಬೇಕು?" ಎಂದು ಅನಂತಕೃಷ್ಣ ಸೀಟಿನ ಮೇಲಿಂದಲೇ ಕೇಳಿದ.

"ಐದೂವರೆಗೆ ಮನೆ ಬಿಡ್ಬೇಕು. ಬಿಸಿಲಿಗೆ ಮುಂಚೆ ಎಲೆ ಕೊಯ್ಯೋದು, ಆಮೇಲೆ ಹುಲ್ಲು."

"ಐದೂವರೆಗಾ? ಅಷ್ಟು ಹೊತ್ತಿಗೆ ಕಾಫಿ?"

"ನೀವು ಮಾಡ್ಕೊಳ್ಳಿ," ಎಂದಳು ವಂದನಾ. "ಹೋಗೋ ಮುಂಚೆ ನನಗೂ ಒಂದು ಲೋಟ ಮಾಡಿಟ್ಟು ಹೋಗಿ. ನಾನು ಏಳೋದು ಎಂಟಕ್ಕೆ."